ನೆಸ್ಟಜ್ಜಿ ಹೊಲದ ಮೇಲಿನ ಹೊಗೆ

...ಥೂ! ಹೇಸಿಗೆ ಕಣೋ ಎಮ್ಲಿನ್, ಹೇಸಿಗೆ! ಟೀ ಹಾಕು, ಬಾಯೆಲ್ಲಾ ಕಹಿಯಾಗಿದೆ. ಒಂದು ಬಾಯ್ಲರ್... ಕೋಳಿಮರಿ ಬೆಚ್ಚಗಿರಲಿ ಅಂತ ಕಟ್ಟಿಗೆ ಚಕ್ಕೆ ಉರಿಸೋ ಒಂದು ಬಾಯ್ಲರ್! ಅದಕ್ಕೂ ಕೌನ್ಸಿಲ್‌ನೋರು ಪರ್ಮಿಶನ್ ಇಲ್ಲ ಅಂದ್ರಲ್ಲ! ನೀನೇನು ಅಣುಸ್ಥಾವರ ಕೇಳಿದ್ಯಾ?

ಹೆಗಲು ಕುಣಿಸ್ಬೇಡ. ಚಳಿ ಹಿಡಿಯೋದ್ರೊಳಗೆ ಬಾಯ್ಲರ್ ಕೂರದಿದ್ರೆ ಮರಿ ಕಳಿಸಲ್ಲ ಅಂತ ಕಂಪನಿಯೋರು ಹೇಳಾಯ್ತು. ಮರಿ ಇಲ್ಲ ಅಂದ್ರೆ ಶೆಡ್ಡಿಗೆ ಬೀಗ. ಆಮೇಲೆ? ಐವತ್ತೆಂಟನೇ ವಯಸ್ಸಲ್ಲಿ ಜಮೀನು ಮಾರಿ ಲಾರಿ ಓಡಿಸ್ತೀಯಾ?

ಎಲ್ಲಾ ಆ ಹ್ಯಾರಿಯೆಟ್ ಕೆಲಸ. ಬರ್ಮಿಂಗ್‌ಹ್ಯಾಮಿಂದ ಬಂದು, ಹಳೇ ಕೊಟ್ಟಿಗೆ ಕೊಂಡು, ಗಾಜಿನ ಗೋಡೆ ಹಾಕ್ಕೊಂಡು ಕೂತಿದಾಳೆ... ಗೊಬ್ಬರ ನಾರುತ್ತೆ ಅಂತಾಳೆ, ಟಗರು ಕೂಗುತ್ತೆ ಅಂತಾಳೆ! ವೇಲ್ಸಿನ ಗುಡ್ಡ ಬೇಕು, ಗುಡ್ಡದ ಮೇಲಿನ ರೈತ ಬೇಡ! ಬಾಯ್ಲರಿಗೆ ತಕರಾರಿದ್ರೆ ಬರೀರಿ ಅಂತ ಕೌನ್ಸಿಲ್‌ನೋರು ನಿನ್ನ ಗೇಟಿಗೆ ಹಳದಿ ನೋಟೀಸು ಕಟ್ಟಿದ ದಿನಾನೇ ಅವಳು ಫೋಟೋ ತೆಗೀತಿದ್ಲು, ನಾನೇ ನೋಡ್ದೆ. ಎದುರಿಗೆ ಬಂದು ಹೇಳೋಕೆ ಧೈರ್ಯ ಇಲ್ಲ, ಕದ್ದು ತಕರಾರು ಬರೀತಾರೆ. ಥೂ!

ಹೋದ್ವರ್ಷ ನನ್ನ ಬಾಯ್ಲರಿಗೂ ಬೇಡ ಅಂದ್ರಲ್ಲ, ಆಗ ನೀನು ನನ್ನ ಅಡುಗೆಮನೇಲಿ ಹೀಗೇ ಬಂದು ಕೂತಿದ್ದೆ. ಈಗ ಈ ಇಥೆಲ್ ನಿನ್ನ ಒಂಟಿ ಬಿಡ್ತಾನಾ?

ಏನದು? ಕೌನ್ಸಿಲ್‌ಗೆ ಬಂದ ತಕರಾರು ಪತ್ರಾನಾ? ಕೊಡಿಲ್ಲಿ. ಹೆಸರಿಗೆ ಕಪ್ಪು ಬಳಿದಿದಾರೆ ನೋಡು, ಹೇಡಿಗಳಿಗೆ ಎಂಥಾ ಮರ್ಯಾದೆ! ಯಾವ ಸಾಲು? ಬೆರಳು ತೆಗಿ, ಕಾಣಲ್ಲ... "ಪಶ್ಚಿಮದ ಗಾಳಿ ಬೀಸಿದಾಗ ಹೊಗೆಯೆಲ್ಲಾ ನೆಸ್ಟಾಳ ಹೊಲಕ್ಕೆ ಇಳಿಯುತ್ತದೆ." ನೋಡಿದ್ಯಾ, ಎಷ್ಟು ವಿಷ! ನೆಸ್ಟಾಳ ಹೊಲಕ್ಕಂತೆ...

ನೆಸ್ಟಾಳ...

ಹೌದು, ನಕ್ಷೇಲಿ ಅದಕ್ಕೆ ಬರೀ ನಂಬರಿರೋದು. ಗೊತ್ತು. ಹ್ಯಾರಿಯೆಟ್‌ಗೆ ಯಾರಾದ್ರೂ ಹೇಳಿರ್ತಾರೆ ಬಿಡು. ಪೋಸ್ಟಿನೋನು... ಇಲ್ಲ, ಅವನೂ ಹೊಸಬ. ನಿಮ್ಮಜ್ಜಿ ಹೆಸರಿಂದ ಆ ಹೊಲಾನ ಕರೆಯೋರು ಈಗ ನೀನು, ಆಮೇಲೆ...

ಹಾಗೆ ನೋಡ್ಬೇಡ್ವೋ.

ನನಗೆ ಪರ್ಮಿಶನ್ ಕೊಡಲಿಲ್ಲ ಅವರು! ದಿನಾ ಬೆಳಗ್ಗೆ ಎದ್ದು ನಿನ್ನ ಚಿಮಣಿ ಹೊಗೆ ನೋಡ್ಬೇಕು, ನನ್ನ ಖಾಲಿ ಶೆಡ್ಡು ನೋಡ್ಬೇಕು... ಆಗ್ಲಿಲ್ಲ ಕಣೋ, ಬರೆದ್ಬಿಟ್ಟೆ. ಬೈಯಿ. ಎಮ್ಲಿನ್, ಬೈದಾದ್ರೂ ಬೈಯೋ...

ಅದು ನನ್ನ ಟೀ ಅಲ್ವೇನೋ? ಯಾಕೆ ಸಿಂಕಿಗೆ ಚೆಲ್ತಿದೀಯ?