ಚೆಂಡು ಮುಂದಿನ ತಿಂಗಳು

ದಂತವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಆತ ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್. ಕೆನ್ನೆ ಊದಿದ್ದರೂ ಬಾಯಿಗೆ ಬಿಡುವಿರಲಿಲ್ಲ.

“ನಾಳೆ ಮೊದಲು ಮೈದಾನ ಸುತ್ತೋದು. ಆಮೇಲೆ ಸಾಲಾಗಿ ನಿಲ್ಲೋದು. ಆಮೇಲೆ ಶಿಸ್ತಿನ ಬಗ್ಗೆ ನನ್ನ ಭಾಷಣ.”

“ಚೆಂಡು ಯಾವಾಗ್ರೀ ಕೊಡೋದು?”

“ಮುಂದಿನ ತಿಂಗಳು. ಬುನಾದಿ ಗಟ್ಟಿಯಾಗ್ಬೇಕು. ನಿಂಗೆ ಗೊತ್ತಾಗಲ್ಲ, ಸುಮ್ನಿರು.”

“ಮಗಳು ನಿಮ್ಮ ತಂಡ ಬಿಟ್ಟಳು.”

“ಏನಂದೆ?”

“ಹಿಂದಿನ ಬೀದಿ ತಂಡ ಸೇರಿದ್ದಾಳೆ. ನಿಮ್ಮ ಹುಡುಗೀರು ಅರ್ಧಕ್ಕರ್ಧ ಅಲ್ಲೇ ಇದ್ದಾರೆ. ಅಲ್ಲಿ ಹೋದ ದಿನಾನೇ ಚೆಂಡು ಕೊಡ್ತಾರೆ.”

“ಯಾವನೇ ಅವನು ಕೋಚು? ಆಟ ಗೊತ್ತಾ ಅವನಿಗೆ?”

ಒಳಗಿನಿಂದ ಕರೆ ಬಂತು. ಆಕೆ ಗಂಡನ ಕೊರಳಿನ ಸೀಟಿ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

“ನಾನೇ ಕಣ್ರೀ. ಏಳಿ, ಒಳಗೆ ಹೋಗಿ ಬಾಯಿ ತೆಗೀರಿ.”