ತಲೆ ಆಡಿಸಿದರೆ ಸಾಕು

…ತಗೋ ಅಂದ್ರೆ ತಗೋಬೇಕು ಕಣೋ! ಶುಂಠಿ ಬಿಸ್ಕತ್ತು. ನಿನಗೋಸ್ಕರ ಅಂತ್ಲೇ ಬರೋ ದಾರೀಲಿ ಕೊಂಡು ತಂದಿದ್ದು. ಒಂದು ತಗೊಂಡು ಕಟುಂ ಅಂತ ಕಡಿ… ಯಾಕೆ ಹಾಗೆ ನೋಡ್ತೀಯ? ಓ… ಓಹೋಹೋ! ದವಡೆ! ಅಯ್ಯೋ ನನ್ನ ಬುದ್ಧಿಗಿಷ್ಟು! ದವಡೆ ಮುರಿದು ತಂತಿ ಬಿಗಿಸ್ಕೊಂಡು ಬಂದೋನಿಗೆ ಶುಂಠಿ ಬಿಸ್ಕತ್ತು ಕೊಡ್ತಿದ್ದೀನಲ್ಲಪ್ಪ! ಹ್ಹ ಹ್ಹ… ನಗಬೇಡ ನಗಬೇಡ, ನೋವಾಗುತ್ತೆ. ಟೀ ಇದೆ. ಸ್ಟ್ರಾ ಹಾಕಿ ಇಟ್ಟಿದ್ದೀನಿ ನೋಡು. ಸ್ವಲ್ಪ ಆರಲಿ.

ಕೂತ್ಕೊ ಕೀರನ್, ಕೂತ್ಕೊ. ಕಾಯಿಲೆ ರಜೆ ಮುಗಿಸಿ ಬಂದೋರ ಜೊತೆ ಮ್ಯಾನೇಜರು ಬಾಗಿಲು ಹಾಕ್ಕೊಂಡು ಒಂದು ಘಳಿಗೆ ಮಾತಾಡ್ಬೇಕು ಅಂತ ಕಂಪನಿ ರೂಲು. ರೂಲು ಇಲ್ದಿದ್ರೂ ನಾನು ಮಾತಾಡ್ತಿದ್ದೆ. ಯಾಕೆ ಹೇಳು? ಈ ಕ್ಲೈವ್ ಪರ್ಕಿಸ್ ನಿಮಗೆಲ್ಲ ಮ್ಯಾನೇಜರಲ್ಲ ಮಾರಾಯ, ಅಣ್ಣ! ಒಡಹುಟ್ಟಿದ ಅಣ್ಣ. ಹೌದೋ ಅಲ್ವೋ? …ಮಾತಾಡೋಕಾಗಲ್ಲ, ಗೊತ್ತು ಗೊತ್ತು. ತಲೆ ಆಡಿಸು ಸಾಕು.

ಆಡಿಸ್ಲಿಲ್ಲ. ಇರಲಿ. ಕತ್ತೂ ಹಿಡ್ಕೊಂಡಿರಬೇಕು.

ನೋಡು, ಇವತ್ತಿನ ವಿಷಯ ಇಷ್ಟೇ. ಲೀಡ್ಸ್‌ನ ಹೆಡ್ ಆಫೀಸಿಂದ ಫಿಲಿಪಾ ಬರ್ತಿದ್ದಾಳೆ, ಈಗ್ಲೋ ಆಗ್ಲೋ ಬಂದಳು ಅಂತ್ಲೇ. ಆ ಬಾಕ್ಸಿಂಗ್ ರಾತ್ರಿ ಆದದ್ದು ಆಕಸ್ಮಿಕಾನೋ ಅಲ್ವೋ ಅಂತ ನಿನ್ನನ್ನ ಕೇಳ್ತಾಳೆ. ಒಂದೇ ಪ್ರಶ್ನೆ. ನೀನು ಹೀಗೆ, ಮೇಲೆ ಕೆಳಗೆ, ಒಂದು ಸಲ ತಲೆ ಆಡಿಸಿದ್ರೆ ಮುಗೀತು. ಅವಳು ವಾಪಸ್ ಲೀಡ್ಸ್‌ಗೆ, ನೀನು ಕಮೋಡು ಎತ್ತೋಕೆ ನಮ್ಮ ಬಾತ್‌ರೂಮ್ ಸಾಮಾನಿನ ಗೋದಾಮಿಗೆ, ನಾನು ಈ ಕುರ್ಚೀಲೇ. ಆಡಿಸದೆ ಇದ್ರೆ… ಛೆ, ಆಡಿಸ್ದೇ ಯಾಕಿರ್ತೀಯ! ಎಲ್ಲಿ, ಒಂದು ಸಲ ಅಭ್ಯಾಸ ಮಾಡೋಣ. ನಾನೇ ಫಿಲಿಪಾ ಅಂದ್ಕೊ. "ಕೀರನ್, ಅದು ಆಕಸ್ಮಿಕವೇ?" …ಹೂಂ? …ಆಮೇಲೆ ಮಾಡೋಣ ಬಿಡು.

ಆದ್ರೂ ಎಂಥಾ ರಾತ್ರಿ ಕಣೋ ಅದು! ಈ ಊರಿನ ಯಾವ ಆಫೀಸಲ್ಲಿ ಹಂಗೆ ನಡೆದಿದೆ ಹೇಳು? ಊರೂರಲ್ಲಿ ಬಾಕ್ಸಿಂಗ್ ಮಾಡಿ ಧರ್ಮಕಾರ್ಯಕ್ಕೆ ದುಡ್ಡು ಎತ್ತುತಾರೆ, ಸರಿ. ಆದ್ರೆ ಬೇರೆಯವರು ಅಪರಿಚಿತರ ಮೇಲೆ ಗುದ್ದುತಾರೆ. ನಾನು? ನಮ್ಮೋರ ಮೇಲೆ ನಮ್ಮೋರನ್ನೇ ಬಿಟ್ಟೆ! ಒಗ್ಗಟ್ಟು ಬೆಳೀಲಿ ಅಂತ. ವರ್ಷವಿಡೀ ಒಬ್ಬರ ಮೇಲೊಬ್ಬರು ಹಲ್ಲು ಕಡೀತಿರ್ತಾರಲ್ಲ, ಒಂದು ರಾತ್ರಿ ಅದೇ ಹಲ್ಲು ಉದುರಿಸಿಕೊಂಡು ತಬ್ಬಿಕೊಳ್ಳಲಿ ಅಂತ. ಲೆಕ್ಕಪತ್ರ ನೋಡೋ ಮೋಯ್ರಾ! ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆಯೋ ಹೆಂಗಸು! ಟ್ರಕ್ ಕಳಿಸೋ ಗಾರ್ಡನ್‌ಗೆ ಎಂಥಾ ಗುದ್ದು ಕೊಟ್ಟಳೋ! ಮೂಗಿನ ಮೂಳೆ ಲಟಕ್ ಅಂದದ್ದು ಹಿಂದಿನ ಊಟದ ಮೇಜಿಗೂ ಕೇಳಿಸ್ತು. ನಮಗೆ ಜಾಗ ಕೊಟ್ಟ ಕ್ಲಬ್ಬಿನ ಸೆಕ್ರೆಟರಿ ತಟ್ಟೇಲಿ ಬಿದ್ದಿದ್ದು ಗ್ರೇವಿ ಅಂತ ಬ್ರೆಡ್ಡು ಅದ್ದಿ ತಿಂದೇಬಿಟ್ಟ, ರಕ್ತ ಕಣೋ ಅದು! ಹ್ಹ ಹ್ಹ ಹ್ಹ! ಗಾರ್ಡನ್ ಬಿದ್ದ, ಎದ್ದ, ಮತ್ತೆ ಬಿದ್ದ. ಮೋಯ್ರಾ ಬಿಡಲೇ ಇಲ್ಲ. "ನನ್ನ ಟೀ ಮಗ್ಗು ತಗೊಳ್ತೀಯಾ? ನನ್ನ ಮಗ್ಗು ತಗೊಳ್ತೀಯಾ?" ಅಂತ ಒಂದೊಂದು ಮಾತಿಗೆ ಒಂದೊಂದು ಏಟು. ಆ ಮನುಷ್ಯ ಈಗ ಟೀ ರೂಮಿಗೇ ಹೋಗಲ್ಲ. ಒಗ್ಗಟ್ಟು ಅಂದ್ರೆ ಇದು.

ಯಾಕೆ ಕಣ್ಣು ಮುಚ್ಚಿದೆ? ತಲೆ ಸುತ್ತುತ್ತಾ?

ಸರಿ, ನಮ್ಮಿಬ್ಬರ ಪಂದ್ಯಕ್ಕೆ ಬರ್ತೀನಿ. ಗೋಡೆ ಮೇಲೆ ಫೋಟೋ ಹಾಕ್ಸಿದ್ದೀನಿ, ನೋಡಿದ್ಯಾ? ಬಂದೋರೆಲ್ಲ ನೋಡ್ಲಿ ಅಂತ ಕಟ್ಟು ಹಾಕಿಸ್ದೆ. ನನ್ನ ಭುಜ ನೋಡು, ನನ್ನ ಕಾಲು ನೋಡು. ಐವತ್ತು ದಾಟಿದೋನ ನಿಲುವು ಅಂತಾರಾ ಯಾರಾದ್ರೂ? ಮೊದಲನೇ ಸುತ್ತಲ್ಲಿ ಮಾತ್ರ ನೀನು ನನ್ನನ್ನ ಕೋಡಂಗಿ ಮಾಡಿದೆ ಮಗನೇ. ಹಾಗೆ ತಪ್ಪಿಸ್ಕೊಂಡೆ, ಹೀಗೆ ತಪ್ಪಿಸ್ಕೊಂಡೆ, ನಾನು ಬರೀ ಗಾಳಿಗೆ ಗುದ್ದಿದ್ದೇ ಗುದ್ದಿದ್ದು. ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸಿದಾಗ ಇಡೀ ಸಭೆ ಹೊಟ್ಟೆ ಹಿಡ್ಕೊಂಡು ನಕ್ಕಿತು. ನಕ್ಕರೆ ನಗಲಿ! ನಾನೂ ನಕ್ಕೆ. ನಗಿಸೋಕೇ ತಾನೆ ನಾನಿರೋದು?

ಎರಡನೇ ಸುತ್ತಲ್ಲಿ ನೀನು ಕೈ ಇಳಿಸಿದೆ. ಅದೇ ನಿನ್ನ ತಪ್ಪು ನೋಡು. ಫಿಲಿಪಾಗೆ ಅದನ್ನೇ ಹೇಳೋಣ. ಕೈ ಇಳಿಸಿದ, ಏಟು ಬಿತ್ತು, ಆಕಸ್ಮಿಕ.

…ಏನು, ಹಾಗೆ ದುರುಗುಟ್ಟಿ ನೋಡ್ತೀಯಲ್ಲ? ಬಟ್ಟೆ ಬದಲಾಯಿಸೋ ಕೋಣೇಲಿ ಆಡಿದ ಮಾತಾ? ಅದೇನು ದೊಡ್ಡ ವಿಷಯ! ಎರಡನೇ ಸುತ್ತಲ್ಲಿ ಕೈ ಇಳಿಸು, ಒಂದು ಬೀಳಲಿ, ಬಿದ್ಹೋಗು ಅಂದೆ. ನಾಟಕಕ್ಕೆ. ಬಾಸ್ ಗೆದ್ರೆ ಜನಕ್ಕೆ ಖುಷಿ ಅಂತ. ಗೋದಾಮಲ್ಲಿ ಒಬ್ಬರನ್ನ ಕಮ್ಮಿ ಮಾಡ್ಬೇಕಾಗಿದೆ, ನಿಮ್ಮನೇಲಿ ಮಗು ಬರೋದಿದೆ ಅಂತಾನೂ ಅಂದೆ. ಅಂದೆ, ಇಲ್ಲ ಅಂತಿಲ್ಲ. ಕಾಳಜಿಯಿಂದ ಅಂದೆ! ಹೆದರಿಸೋಕಲ್ಲ. ಅಣ್ಣ ತಮ್ಮನ್ನ ಹೆದರಿಸ್ತಾನಾ? ನೀನು ಹೂಂ ಅಂದೆ. ಹೇಳಿದ ಹಾಗೇ ಕೈ ಇಳಿಸಿದೆ. ಒಂದು ಬಿತ್ತು. ಬಿದ್ದೆ. ಮಂಡಿ ಊರಿದೆ. ನಿಲ್ಲಿಸಿ ಅಂತ ಗಂಟೆ ಹೊಡೀತು. ಅಷ್ಟೇ.

ಅಷ್ಟೇ ಅಂದ್ನಲ್ಲ.

ಫೋಟೋ ಯಾಕೆ ಹಾಗೆ ನೋಡ್ತಿದ್ದೀಯ? ಈ ಕಡೆ ನೋಡು. ಕೀರನ್, ಈ ಕಡೆ ನೋಡೋ. ನನಗೂ ಕಾಣುತ್ತಪ್ಪ, ನೀನು ಮಂಡಿ ಮೇಲಿದ್ದೀಯ. ರೆಫ್ರಿ ನನ್ನ ತೋಳು ಹಿಡಿದು ಎಳೀತಿದ್ದಾನೆ. ಗೊತ್ತು! ನಾನೇ ತಾನೇ ತೂಗುಹಾಕಿದ್ದು! ಓಡೋ ಗಾಡಿಗೆ ಬ್ರೇಕ್ ಹಾಕಿದ್ರೂ ನಾಲ್ಕು ಮಾರು ಮುಂದೆ ಹೋಗಿ ನಿಲ್ಲಲ್ವಾ? ಹಾಗೆ. ಕೈ ಬೀಸಿ ಆಗಿತ್ತು, ತಡೆಯೋಕಾಗ್ಲಿಲ್ಲ. ಅದು ಎರಡನೇ ಏಟು. ಮೂರನೇದು… ಮೂರನೇದೂ ಹಾಗೇ. ನನಗೇನು ಕಮ್ಮಿ ನೋವಾಯ್ತಾ? ಗೆಣ್ಣು ನೋಡು, ಇನ್ನೂ ಊದ್ಕೊಂಡಿದೆ. ನಿನ್ನ ಹಲ್ಲು ನನ್ನ ಗ್ಲೌಸಿಗೆ ಅಂಟಿಕೊಂಡಿತ್ತು ಮಾರಾಯ, ನಾನೇ ಒರೆಸಿ ನಿನ್ನ ಹೆಂಡತಿ ಕೈಗೆ ಕೊಟ್ಟೆ. ಯಾವ ಮ್ಯಾನೇಜರು ಅಷ್ಟು ಮಾಡ್ತಾನೆ?

ನಗ್ತಿದ್ದೀಯಾ?

ತುಟಿ ಅಂಚಲ್ಲಿ… ಈಗ ನಕ್ಕೆ ನೀನು. ಇಲ್ಲ ಅನ್ನಬೇಡ, ಕಂಡೆ ನಾನು. ಏನು ನಗು? ಯಾವುದಕ್ಕೆ ನಗು? ಟೀ ರೂಮಲ್ಲಿ ನಕ್ಕಿದ್ದು ಸಾಲದಾಯ್ತಾ?

…ಹೂಂ. ಟೀ ರೂಮು ಅಂದೆ. ಏನಿವಾಗ?

ನಾನು ಹೊರಗೆ ನಿಂತಿದ್ದೆ. ಪಂದ್ಯದ ಹಿಂದಿನ ಗುರುವಾರ. ಒಳಗೆ ಜೋರು ನಗು ಕೇಳಿಸ್ತು, ನನಗೂ ಖುಷಿ ಆಯ್ತು. ನಮ್ಮೋರು ಎಷ್ಟು ಖುಷಿಯಾಗಿದ್ದಾರೆ, ನಾನೂ ಸೇರ್ಕೊಳೋಣ ಅಂತ ಹೋದೆ. ಗಾಜಿನಲ್ಲಿ ನೋಡಿದ್ರೆ ಕುರ್ಚಿ ಮೇಲೆ ನೀನು. ನನ್ನ ಥರ ಪ್ಯಾಂಟು ಎದೆಗೆ ಏರಿಸ್ಕೊಂಡು "ನಾವೆಲ್ಲ ಒಂದೇ ಮನೆಯೋರು ಕಣ್ರೋ" ಅಂತಿದ್ದೆ. ಸರಿ, ಅದು ತಮಾಷೆ, ಅದನ್ನ ನಾನು ತಡ್ಕೊಂಡೆ. ಬಾಗಿಲ ಹಿಡಿ ಮೇಲೆ ಕೈ ಇಟ್ಟೂ ಇದ್ದೆ. ಆಮೇಲೆ ನೀನು ಬಾಳೆಹಣ್ಣು ಕಿವಿಗೆ ಇಟ್ಕೊಂಡೆ.

ಮಧ್ಯಾಹ್ನ ನಾನು ಕಾರಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತೀನಲ್ಲ, ಫೋನಲ್ಲಿ ಮಾತಾಡ್ಕೊಂಡು… ಅದು. "ಹಾಂ, ಹೇಳಿ ಸರ್. ಈ ಶನಿವಾರವಾ? ಬಿಡುವಿಲ್ಲ ಸರ್, ಫ್ರೆಂಡ್ಸು ಬರ್ತಿದ್ದಾರೆ." ನನ್ನ ದನಿಯೇ! ನಾನು ಉಸಿರು ಎಳ್ಕೊಳ್ಳೋ ಹಾಗೇ ಎಳ್ಕೊಂಡೆ. ಆಮೇಲೆ ಬಾಳೆಹಣ್ಣನ್ನ ತಿರುಗಿಸಿ ಎಲ್ಲರಿಗೂ ತೋರಿಸಿದೆ. ಆ ಕಡೆ ಯಾರೂ ಇಲ್ಲ ಅಂತ. ನನ್ನ ಫೋನು ಆನ್ ಕೂಡ ಆಗಿರಲ್ಲ ಅಂತ. ಮೋಯ್ರಾ ನಕ್ಕು ನಕ್ಕು ಮೇಜಿನ ಮೇಲೆ ಬಿದ್ದಳು.

ಎಲ್ಲರಿಗೂ ಗೊತ್ತಿತ್ತು ಅಲ್ವಾ? ಎಷ್ಟು ದಿನದಿಂದ? …ಹೇಳಬೇಡ.

ನಾನು ಮಂಕಲ್ಲ ಕಣೋ. ಎಲ್ಲರೂ ತಿಳ್ಕೊಂಡಿದ್ದಾರೆ, ಕ್ಲೈವ್‌ಗೆ ಏನೂ ತಿಳಿಯಲ್ಲ, ಮುಖದ ಮೇಲೆ ಉಗಿದ್ರೂ ಮಳೆ ಬಂತು ಅಂತಾನೆ ಅಂತ. ತಿಳಿಯುತ್ತೆ ನನಗೆ. ನೀವು ನಕ್ಕಾಗಲೆಲ್ಲ ತಿಳಿಯುತ್ತೆ. ತಿಳಿದೂ ನಿಮ್ಮ ಜೊತೆ ನಗ್ತೀನಿ. ಯಾಕಂದ್ರೆ ಮನೆಗೆ ಹೋದ್ರೆ ಅಲ್ಲಿ ನಗೋರೂ ಇಲ್ಲ. ಈ ಕುರ್ಚಿ ಹೋದ್ರೆ ನನ್ನ ಹತ್ರ ಏನಿದೆ? ಬೆಳಗಾಗೆದ್ದು ಎಲ್ಲಿಗೆ ಹೋಗಲಿ?

ಅದಕ್ಕೇ ಆವತ್ತು ನಿನ್ನ ಮುಖದಲ್ಲಿ ನನಗೆ ಬೇರೇನೂ ಕಾಣಿಸ್ಲಿಲ್ಲ. ಮೂಗು ಕಾಣಿಸ್ಲಿಲ್ಲ, ಕಣ್ಣು ಕಾಣಿಸ್ಲಿಲ್ಲ. ಬಾಯಿ. ಬರೀ ಬಾಯಿ. ಆ ಬಾಯಿ ಒಡೀಬೇಕು, ಮತ್ತೆ ಅದರಿಂದ ನನ್ನ ದನಿ ಬರಬಾರದು… ಗುರಿ ಇಟ್ಟೇ ಹೊಡೆದೆ. ಎರಡನೇದು ಬಿದ್ದಾಗ ಮೂಳೆ ಒಡೆದದ್ದು ಕೈಗೆ ಗೊತ್ತಾಯ್ತು. ಗೊತ್ತಾದ ಮೇಲೇ ಮೂರನೇದು. ಎಷ್ಟು ಹಿತವಾಗಿತ್ತು ಗೊತ್ತೇನೋ? ಎಷ್ಟೋ ವರ್ಷದಿಂದ ಅಷ್ಟು ಹಿತ ಅನ್ನಿಸಿರಲಿಲ್ಲ ನನಗೆ.

ಹೇಳಿಬಿಟ್ಟೆ. ಹೇಳಿದ್ದು ಒಳ್ಳೇದೇ ಆಯ್ತು. ಈಗ ನೀನೊಂದು ತಲೆ ಆಡಿಸಿದ್ರೆ…

ಆಕಳಿಸ್ತಿದ್ದೀಯಾ?!

ಕರುಳು ಕಿತ್ತು ಮುಂದಿಟ್ಟಿದ್ದೀನಿ, ನೀನು ಆಕಳಿಸ್ತೀಯಾ? …ತಾಳು. ತಾಳು ತಾಳು. ಬಾಯಿ ಅಷ್ಟಗಲ ತೆರೆದೆಯಲ್ಲ. ತಂತಿ ಎಲ್ಲಿ? ತಂತಿ ಎಲ್ಲೋ? ತೆಗೆದುಬಿಟ್ರಾ? ಯಾವಾಗ? ಅಂದ್ರೆ ಇಷ್ಟು ಹೊತ್ತೂ… ನಿನಗೆ ಮಾತು ಬರ್ತಿತ್ತಾ? ಬರ್ತಿದ್ದೂ ಕಲ್ಲಿನ ಹಾಗೆ ಕೂತು ಎಲ್ಲ ನನ್ನ ಬಾಯಿಂದ್ಲೇ…

ಮಾತಾಡೋ ಹಾಗಾದ್ರೆ! ಬೈಯಿ! ಸೂಳೇಮಗನೇ ಅನ್ನು, ಏನಾದ್ರೂ ಅನ್ನು! ಬೇಕಾದ್ರೆ ಹೊಡಿ. ತಗೋ, ನನ್ನ ದವಡೆ, ಇಗೋ ಇಲ್ಲಿ. ಕೈ ಇಳಿಸಿದ್ದೀನಿ ನೋಡು, ಹೊಡಿ! …ಏಳಬೇಡ. ಎಲ್ಲಿಗೆ ಏಳ್ತೀಯ? ಬಾಗಿಲ ಹತ್ರ ಹೋದ್ಯೋ, ಸುಮ್ನಿರಲ್ಲ ನಾನು… ಬಾ ಇಲ್ಲಿ! ಬಾರೋ! ನೋಡಬೇಡ ಹಾಗೆ! ಕತ್ತಿನ ಪಟ್ಟಿ ಹಿಡಿದ್ರೂ ಮಾತಿಲ್ವಾ? ಗೋಡೆಗೆ ಒತ್ತಿದ್ರೂ ಇಲ್ವಾ? ಹೆದರಿಕೇನೂ ಇಲ್ವೇನೋ ನಿನಗೆ?

…ಫಿಲಿಪಾ!

ಬನ್ನಿ ಬನ್ನಿ. ಬಾಗಿಲು ತಟ್ಟಿದ್ರಾ? ಕೇಳಿಸ್ಲಿಲ್ಲ. ನಾವು ಸುಮ್ನೆ… ಮಾತಾಡ್ತಿದ್ವಿ. ಕೇಳಿ, ಅವನನ್ನೇ ಕೇಳಿ. ಆಕಸ್ಮಿಕ ಅಲ್ವೇನೋ ಕೀರನ್? ತಲೆ ಆಡಿಸೋ. ಒಂದು ಸಲ. ಒಂದೇ ಒಂದು ಸಲ ಆಡಿಸೋ, ನಿನ್ನ ದಮ್ಮಯ್ಯ…

ಹಾಂ? ಬಿಡ್ತೀನಿ ಫಿಲಿಪಾ, ಪಟ್ಟಿ ಬಿಡ್ತೀನಿ, ಇಗೋ ಈಗಲೇ… ಬೆರಳು ಬಿಚ್ಕೊಳ್ತಿಲ್ಲ. ನೀವೇ ಬಂದು ಬಿಡಿಸಿ. ಅಲ್ಲೇ ನಿಂತು ನೋಡಬೇಡಿ, ಬೇಗ ಬನ್ನಿ ಫಿಲಿಪಾ. ಇವನು ಹೀಗೇ ಸುಮ್ನಿದ್ರೆ ನಾನು ಮತ್ತೆ ಹೊಡೀತೀನಿ.