ಕೆಂಪು ಕ್ಲಿಪ್ಪು ಹಿಡಿದ ಕೈ

ಬಾಗಿಲು ಹಾಕಿದ್ದೀರಾ? ಸರಿ. ಇನ್ನೂ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ಎಲ್ಲೋ ಯಾರಿಗೋ ಆದದ್ದೂ ಅಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವತ್ತು ರಾತ್ರಿ ಹನ್ನೊಂದೂಕಾಲು. ಅಣ್ಣ ಆಫೀಸಿನಿಂದ ನಡೆದುಕೊಂಡು ಬರುತ್ತಿದ್ದ. ಕಾರು ಕೈಕೊಟ್ಟಿತ್ತು. ದಾರಿಯಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಸರಳು ಹಾಕಿ ಮುಚ್ಚಿದ್ದಾರೆ. ಅದನ್ನು ದಾಟುವಾಗ... ಟಿಣ್. ಸರಳಿನ ಮೇಲೆ ಯಾರೋ ಉಗುರಿನಿಂದ ಬಡಿದ ಹಾಗೆ. ಟಿಣ್... ಟಿಣ್...

"ಗಾಡಿ ಕೈಕೊಡ್ತಾ?"

ಪಿಸುಮಾತು. ಮುದುಕನ ದನಿ.

ಬೇರೆಯವರಾಗಿದ್ದರೆ ದೆವ್ವ ಅಂತ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಅಣ್ಣನ ತಲೆ ಓಡಿದ್ದೇ ಬೇರೆ ಕಡೆಗೆ. ನಾನು ನಡೆದುಕೊಂಡು ಬರ್ತಿದ್ದೀನಿ. ನನಗೆ ಗಾಡಿ ಇದೆ ಅಂತ ಇವನಿಗೆ ಹೇಗೆ ಗೊತ್ತು? ಇವನೇ ವೈರು ಕಿತ್ತಿರಬೇಕು! ಹಿಂತಿರುಗಿ ನೋಡದೆ, ಜೇಬಿನ ಪರ್ಸು ಒತ್ತಿ ಹಿಡಿದುಕೊಂಡು ಮನೆ ಸೇರಿದ.

ಅವನ ಸ್ವಭಾವವೇ ಹಾಗೆ. ಪಾರ್ಸೆಲ್ ಆಫೀಸಿನಲ್ಲಿ ತೂಕದ ಕೌಂಟರಿನ ಕೆಲಸ, ಹದಿನಾಲ್ಕು ವರ್ಷದಿಂದ. 'ಬಟ್ಟೆ' ಅಂತ ಬರೆದು ಬಾಟಲಿ ಕಳಿಸುವವರನ್ನೆಲ್ಲ ಡಬ್ಬ ಎತ್ತಿದ ಕೂಡಲೇ ಹಿಡಿದುಬಿಡುತ್ತಿದ್ದ. ಆಫೀಸಿನಲ್ಲಿ ಅವನನ್ನು ತಕ್ಕಡಿ ಅಂತಲೇ ಕರೆಯುತ್ತಿದ್ದರು. ಆ ಕೆಲಸ ಅವನಿಗೆ ಅನುಮಾನದ ಕಾಯಿಲೆ ಅಂಟಿಸಿತ್ತು. ಹಾಲಿನವನ ಮೇಲೆ ಅನುಮಾನ, ಮಾತ್ರೆ ಅಂಗಡಿಯವನ ಮೇಲೆ ಅನುಮಾನ, ಮದುವೆಯಲ್ಲಿ ನಮ್ಮತ್ತಿಗೆಯ ವಯಸ್ಸಿನ ಮೇಲೂ ಅನುಮಾನ. ನಾವು ನಗುತ್ತಿದ್ದೆವು.

ಆದರೆ ಆ ಸಲ ನಗುವ ಹೊತ್ತಾಗಿರಲಿಲ್ಲ. ಅತ್ತಿಗೆಗೆ ಎಂಟು ತಿಂಗಳು, ಬಿಪಿ ಏರಿ ಕೂತಿತ್ತು. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು, "ತಲೆನೋವು ಜೋರಾದ್ರೆ, ಕಣ್ಣು ಮಂಜಾದ್ರೆ, ಒಂದು ನಿಮಿಷಾನೂ ಕಾಯ್ಬೇಡಿ. ತಾಯಿ, ಮಗು ಇಬ್ರಿಗೂ ಅಪಾಯ." ಆಸ್ಪತ್ರೆ ಹದಿನೆಂಟು ಕಿಲೋಮೀಟರ್. ಕಾರು ಅಂದರೆ ಇದೊಂದೇ.

ಮರುದಿನ ಮೆಕ್ಯಾನಿಕ್ ಬಂದು ಬ್ಯಾಟರಿ ಚಾರ್ಜ್ ಮಾಡಿಕೊಟ್ಟ. "ಇದರ ಕತೆ ಮುಗೀತು ಸಾರ್, ಬದಲಾಯಿಸಿ" ಅಂದ. ಅಣ್ಣನಿಗೆ ಅದರಲ್ಲಿ ಕಮಿಷನ್ ಕಾಣಿಸಿತು. "ಆಗಲ್ಲ ಅಂದ್ರೆ ಒಂದು ಜಂಪ್ ಸ್ಟಾರ್ಟರ್ ಆದ್ರೂ ಇಟ್ಕೊಳ್ಳಿ" ಅಂದ ಮೆಕ್ಯಾನಿಕ್. ಇಟ್ಟಿಗೆಯಷ್ಟು ದೊಡ್ಡ ಡಬ್ಬ, ಎರಡು ವೈರು, ತುದಿಗೆ ಕೆಂಪು ಕಪ್ಪು ಕ್ಲಿಪ್ಪು. ಸತ್ತ ಬ್ಯಾಟರಿಗೆ ಕಚ್ಚಿಸಿ ಕೀ ತಿರುಗಿಸಿದರೆ ಗಾಡಿ ಎದ್ದು ಕೂರುತ್ತದೆ.

ಅಣ್ಣ ಕೊಕ್ಕೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡೇ ಅಂಗಡಿಗೆ ಹೋದ. ಮೊದಲನೇ ಅಂಗಡಿಯ ಹೆಂಗಸು ಕೊಟ್ಟ ಡಬ್ಬವನ್ನು ಕೊಕ್ಕೆಗೆ ತೂಗುಹಾಕಿ ನೋಡಿದ. ನಾನೂರ ಎಂಬತ್ತು ಗ್ರಾಂ.

"ಇದರೊಳಗೆ ಏನೂ ಇಲ್ವಲ್ಲಮ್ಮ?"

"ಹೊಸ ಥರದ ಸೆಲ್ಲು ಅಣ್ಣಾ, ಹಗುರವಾಗೇ ಇರುತ್ತೆ. ಬನ್ನಿ, ನನ್ನ ಗಾಡಿಗೇ ಹಾಕಿ ತೋರಿಸ್ತೀನಿ."

ಅಷ್ಟು ಸಾಕಾಯಿತು ಅವನಿಗೆ. ತಾನಾಗೇ ತೋರಿಸ್ತೀನಿ ಅಂತಾಳೆ ಅಂದ್ರೆ ಆ ಗಾಡಿಯಲ್ಲೇ ಏನೋ ಮಸಲತ್ತಿದೆ! ಎದುರಿನ ಅಂಗಡಿಗೆ ದಾಟಿದ. ಅಲ್ಲಿಯ ಡಬ್ಬ ಒಂದು ಕಿಲೋ ಆರುನೂರ ನಲವತ್ತು. ಗುಂಡಿ ಒತ್ತಿದರೆ ನಾಲ್ಕು ಹಸಿರು ಚುಕ್ಕಿ. ಅಂಗಡಿಯವ ತುಟಿ ಬಿಚ್ಚಲಿಲ್ಲ, ತೋರಿಸ್ತೀನಿ ಅಂತಲೂ ಅನ್ನಲಿಲ್ಲ. ಅಣ್ಣನಿಗೆ ಅದೇ ಹಿಡಿಸಿತು. ಮನೆಗೆ ಬಂದು ಅತ್ತಿಗೆಯ ಕೈಗೆ ಡಬ್ಬ ಕೊಟ್ಟು, "ಎತ್ತಿ ನೋಡು. ಮನುಷ್ಯ ಸುಳ್ಳು ಹೇಳ್ತಾನೆ, ತೂಕ ಹೇಳಲ್ಲ" ಅಂದ.

ಹನ್ನೆರಡು ದಿನ ಕಳೆಯಿತು. ರಾತ್ರಿ ಒಂದೂವರೆ. ಅತ್ತಿಗೆ ಎದ್ದು ಕೂತು ತಲೆ ಹಿಡಿದುಕೊಂಡಿದ್ದರು.

"ರೀ... ದೀಪದ ಸುತ್ತ ಏನೋ ಮಿಂಚ್ತಿದೆ."

ಅಣ್ಣ ಅವರನ್ನು ಕಾರಿಗೆ ಕೂರಿಸಿದ. ಪುಣ್ಯಕ್ಕೆ ಕಾರು ಗೊಣಗಿಕೊಂಡು ಸ್ಟಾರ್ಟ್ ಆಯಿತು. ಬಾವಿಯ ಹತ್ತಿರ ಬಂದಾಗ ಅತ್ತಿಗೆ, "ನಿಲ್ಲಿಸಿ, ವಾಂತಿ" ಅಂದರು. ನಿಲ್ಲಿಸಿದ. ಎಂಜಿನ್ ಒಮ್ಮೆ ನಡುಗಿತು... ಆರಿಹೋಯಿತು.

ಕೀ ತಿರುಗಿಸಿದ. ಕಟ್... ಕಟ್... ಕಟಕಟಕಟ. ಮತ್ತೆ ತಿರುಗಿಸಿದ. ಕಟ್. ಅಷ್ಟೇ.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಐವತ್ತು ನಿಮಿಷ ಅಂದರು. ಅಣ್ಣ ಡಿಕ್ಕಿಯಿಂದ ಡಬ್ಬ ತಂದ. ಬಾನೆಟ್ ಎತ್ತಿ, ಟಾರ್ಚ್ ಹಾಕಿದ ಫೋನನ್ನು ಬಾಯಲ್ಲಿ ಕಚ್ಚಿಕೊಂಡು ಕೆಂಪು ಹಾಕಿದ, ಕಪ್ಪು ಹಾಕಿದ. ನಾಲ್ಕೂ ಹಸಿರು ಚುಕ್ಕಿ ಉರಿಯುತ್ತಿದ್ದವು. ಓಡಿಹೋಗಿ ಕೀ ತಿರುಗಿಸಿದ.

ಕಟ್.

"ರೀ... ನೀವು ಎರಡೆರಡಾಗಿ ಕಾಣ್ತಿದ್ದೀರಿ" ಅಂದರು ಅತ್ತಿಗೆ. ನಾಲಿಗೆ ತೊದಲುತ್ತಿತ್ತು.

ಮತ್ತೆ ಬಾನೆಟ್ ಹತ್ತಿರ ಓಡಿದ. ಆಗ... ಟಿಣ್.

ಟಿಣ್...

"ಕೆಂಪು ಸರಿಯಾಗಿ ಕಚ್ಚಿಲ್ಲ."

ಪಕ್ಕದಲ್ಲೇ ನಿಂತಿದ್ದ. ತಲೆಯ ಮೇಲಿಂದ ಟವೆಲ್ ಹೊದ್ದಿದ್ದ, ಮುಖ ಕಾಣುತ್ತಿರಲಿಲ್ಲ. ನಡೆದು ಬಂದ ಸದ್ದೂ ಆಗಿರಲಿಲ್ಲ.

"ಯಾರು ನೀವು?"

"ಕ್ಲಿಪ್ಪು ನಾನ್ ಹಿಡ್ಕೋತೀನಿ. ನೀನ್ ಹೋಗಿ ಕೀ ತಿರುಗ್ಸು."

"ಬೇಡ... ನಾನೇ ನೋಡ್ಕೋತೀನಿ."

"ನಿಂಗಿರೋದು ಎರಡೇ ಕೈ ಅಲ್ವೇನಪ್ಪಾ?"

ಅಣ್ಣ ಆ ಹೊತ್ತಿನಲ್ಲೂ ಲೆಕ್ಕ ಹಾಕಿದ, ಅದನ್ನು ಅವನೇ ನನ್ನ ಹತ್ತಿರ ಒಪ್ಪಿಕೊಂಡ. ಇವನು ಒಬ್ಬನೇ ಇರಲ್ಲ. ಇನ್ನೊಬ್ಬ ಬಾವಿ ಹಿಂದೆ ಅಡಗಿರ್ತಾನೆ. ನಾನು ಒಳಗೆ ಕೂತ ತಕ್ಷಣ ಡಬ್ಬ ಎತ್ಕೊಂಡು ಪರಾರಿ. ಇಲ್ಲಾ ಹೆಂಡತಿ ಕತ್ತಿನ ಸರಕ್ಕೆ ಕೈ ಹಾಕ್ತಾನೆ. ಅವತ್ತು ಕಾರು ಕೆಡಿಸಿದವನೂ ಇವನೇ. ಕೆಂಪು ಕ್ಲಿಪ್ಪನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಠಪ್.

ಅತ್ತಿಗೆಯ ತಲೆ ಕಿಟಕಿಯ ಗಾಜಿಗೆ ಬಡಿದಿತ್ತು. ಕಣ್ಣು ಮೇಲಾಗಿತ್ತು.

ಹುಟ್ಟಿದಾರಭ್ಯ ಯಾರನ್ನೂ ನಂಬದ ನಮ್ಮಣ್ಣ, ಕೆಂಪು ಕ್ಲಿಪ್ಪನ್ನು ಆ ಕತ್ತಲೆಯ ಕೈಗೆ ಕೊಟ್ಟುಬಿಟ್ಟ.

ಒಳಗೆ ಕೂತು ಕೀ ತಿರುಗಿಸಿದ. ಏನೂ ಇಲ್ಲ.

"ಇನ್ನೊಂದ್ಸಲ..."

ಆ ಪಿಸುಮಾತು ಗಾಜು ಮುಚ್ಚಿದ್ದರೂ ಕಿವಿಯ ಪಕ್ಕದಲ್ಲೇ ಕೇಳಿಸಿತಂತೆ. ತಿರುಗಿಸಿದ. ಝೀಂ... ಅಂತ ಒಂದು ಸದ್ದು, ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತರೆ ಕೇಳುತ್ತದಲ್ಲ, ಹಾಗೆ. ಆಮೇಲೆ ಘರ್ರ್... ಎಂಜಿನ್ ಹತ್ತಿಕೊಂಡಿತು. ಹೆಡ್‌ಲೈಟ್ ಭಗ್ಗೆಂದಿತು. ಬಾನೆಟ್ ಧಡ್ ಅಂತ ಮುಚ್ಚಿಕೊಂಡಿತು.

ಮುಂದೆ ಖಾಲಿ ರಸ್ತೆ. ಡಬ್ಬ ರಸ್ತೆಯ ಪಕ್ಕ, ವೈರು ಸುತ್ತಿ ಇಟ್ಟಿತ್ತು. ಅಣ್ಣ ಅದನ್ನು ಎತ್ತಿ ಹಿಂದಿನ ಸೀಟಿಗೆ ಎಸೆದ, ಪರ್ಸು ಮುಟ್ಟಿ ನೋಡಿಕೊಂಡ, ಗಾಡಿ ಬಿಟ್ಟ. ಒಂದು ಮಾತು ಥ್ಯಾಂಕ್ಸ್ ಅನ್ನಲಿಲ್ಲ. ಅದಕ್ಕೆ ಅವನಿಗೆ ಇವತ್ತಿಗೂ ನಾಚಿಕೆ.

ಆಸ್ಪತ್ರೆಯಲ್ಲಿ ನೇರ ಆಪರೇಷನ್ ಥಿಯೇಟರಿಗೇ ಒಯ್ದರು. ಬೆಳಗಿನ ಜಾವ ಡಾಕ್ಟರಮ್ಮ ಹೊರಗೆ ಬಂದು, "ಇನ್ನು ಹತ್ತು ನಿಮಿಷ ತಡ ಆಗಿದ್ರೆ..." ಅಂತ ಮಾತು ನುಂಗಿಕೊಂಡರು. ಹೆಣ್ಣು ಮಗು. ತಾಯಿಯೂ ಉಳಿದರು. ಯಾವ ಕೂಸನ್ನು ಎತ್ತಿಕೊಂಡರೂ ಮೊದಲು ತೂಕ ಹೇಳುತ್ತಿದ್ದ ಮನುಷ್ಯ, ತನ್ನ ಮಗಳನ್ನು ಎತ್ತಿಕೊಂಡು ಏನೂ ಹೇಳಲಿಲ್ಲ. ಗೊಳೋ ಅಂತ ಅತ್ತ.

ಎಲ್ಲ ಸರಿಹೋದ ಮೇಲೆ ಹಳೇ ಚಾಳಿ ಮರಳಿತು. ಆ ಮುದುಕ ಕಳ್ಳನೇ, ಹೆಡ್‌ಲೈಟಿಗೆ ಹೆದರಿ ಓಡಿದ ಅಂತ ತೀರ್ಮಾನಿಸಿದ. ನಮ್ಮನ್ನುಳಿಸಿದ್ದು ನನ್ನ ಡಬ್ಬ, ತೂಕ ನೋಡಿ ತಂದದ್ದು ಅಂತ ಮೀಸೆ ತಿರುವಿದ. ಈ ಸಲ ಬ್ಯಾಟರಿ ಬದಲಾಯಿಸಲು ಒಪ್ಪಿ ಮೆಕ್ಯಾನಿಕ್ ಹತ್ತಿರ ಹೋದಾಗ ಡಬ್ಬವನ್ನೂ ಒಯ್ದ. ನಾನೂ ಜೊತೆಗಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ಮೆಕ್ಯಾನಿಕ್ ಡಬ್ಬ ಅಲ್ಲಾಡಿಸಿ ಕಿವಿಗಿಟ್ಟುಕೊಂಡ. ಸರ್... ಸರ್... ಅಂತ ಸದ್ದು. ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಮರಳು. ಹಸಿರು ಚುಕ್ಕಿ ಉರಿಸಲು ಎರಡು ಪೆನ್ಸಿಲ್ ಸೆಲ್ಲು. ಕೆಂಪು, ಕಪ್ಪು ವೈರುಗಳನ್ನು ಒಳಗೆ ಗೋಂದಿನಿಂದ ಅಂಟಿಸಿದ್ದರು. ಎಲ್ಲಿಗೂ ಜೋಡಿಸಿರಲಿಲ್ಲ.

"ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ಸಾರ್. ಇದರಿಂದ ಟಾರ್ಚೂ ಸರಿಯಾಗಿ ಉರಿಯಲ್ಲ."

"ಗಾಡಿ ಸ್ಟಾರ್ಟ್ ಆಯ್ತಲ್ಲಯ್ಯಾ..." ಅಂದ ಅಣ್ಣ.

ಮೆಕ್ಯಾನಿಕ್ ಕಾರಿನ ಬಾನೆಟ್ ಎತ್ತಿದ. ಹಳೇ ಬ್ಯಾಟರಿ ಎತ್ತಿ ಹೊರಗಿಟ್ಟು, ಬಗ್ಗಿ ನೋಡಿ, ಹಾಗೇ ನಿಂತುಬಿಟ್ಟ. ಬ್ಯಾಟರಿಯ ಮೇಲೆ ವೈರು ಸಿಕ್ಕಿಸಲು ಸೀಸದ ಎರಡು ಗಿಡ್ಡ ಗೂಟ ಇರುತ್ತವಲ್ಲ, ಅವೆರಡೂ ಹಿಸುಕಿಹೋಗಿದ್ದವು. ಇಕ್ಕಳದಿಂದ ಅಲ್ಲ. ಒಂದು ಬದಿ ಹೆಬ್ಬೆರಳಿನ ಅಚ್ಚು, ಇನ್ನೊಂದು ಬದಿ ತೋರುಬೆರಳಿನದು.

ನಂಬದಿದ್ದರೆ ಬಿಡಿ. ಅಣ್ಣ ಆ ಬ್ಯಾಟರಿಯನ್ನು ಗುಜರಿಗೆ ಹಾಕಿಲ್ಲ, ಮೆಟ್ಟಿಲ ಕೆಳಗೆ ಗೋಣಿ ಮುಚ್ಚಿ ಇಟ್ಟಿದ್ದಾನೆ. ನಾನೇ ಕೈಯಾರೆ ಮುಟ್ಟಿ ನೋಡಿದ್ದೇನೆ. ಕೆಂಪು ಕ್ಲಿಪ್ಪು ಹಾಕುವ ಕಡೆಯ ಗುರುತಿನಲ್ಲಿ ಉಗುರೂ ಮೂಡಿದೆ... ಅರ್ಧ ಮುರಿದ ಉಗುರು.